ಎಳೆ ಸೌತೆಕಾಯಿ ಬಣ್ಣದ ಗಾಡಿ

ನಮ್ಮ ಮಾವನವರ ಬಲಗೈ ಎಡಗೈಗಿಂತ ಬಹಳ ಕಪ್ಪಗಿತ್ತು. ಬಲಗೆನ್ನೆಯೂ ಹಾಗೆಯೇ, ಬಲಗಿವಿಯೂ ಹಾಗೆಯೇ. ಅರ್ಧ ಮೈ ಒಬ್ಬರದು, ಉಳಿದರ್ಧ ಇನ್ನೊಬ್ಬರದು ಅನ್ನುವಂತೆ ಕಾಣುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ಗಂಗಾವತಿಯಿಂದ ಕೊಪ್ಪಳಕ್ಕೆ ಬಂದ ಹೊಸದರಲ್ಲಿ ನಾನು ಅದನ್ನು ಏನೋ ಚರ್ಮದ ಕಾಯಿಲೆ ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು. ಮೀಸೆ ಮೂಡಿದಾಗಿನಿಂದ ಕಣ್ಣು ಹೋಗುವವರೆಗೆ ಅವರು ಊರಿನ ಹತ್ತಿ ಗಿರಣಿಯ ಸಾವಕಾರರ ಕಾರು ಓಡಿಸಿದವರು. ಬಲಗೈ ಯಾವಾಗಲೂ ಕಿಟಕಿಯ ಮೇಲೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಹತ್ತಿ ಖರೀದಿಗೆ ತಿರುಗಿದ ದಾರಿಗಳ ಬಿಸಿಲೆಲ್ಲ ಆ ಒಂದು ಮಗ್ಗುಲಿಗೇ ಬಿದ್ದಿತ್ತು.

ಅದು ಅಮೆರಿಕದ ಕಾರು. ಹಿರಿಯ ಸಾವಕಾರರು ಹೈದರಾಬಾದಿನಿಂದ ತರಿಸಿದ್ದು. ಅದರ ಕಂಪನಿಯ ಹೆಸರು ಊರಿನವರ ನಾಲಿಗೆಗೆ ಹತ್ತದೆ ಎಲ್ಲರೂ 'ದೊಡ್ಡ ಗಾಡಿ' ಎನ್ನುತ್ತಿದ್ದರು. ಮುಂದಿನ ಸೀಟಿನಲ್ಲೇ ಒಂದು ಸಂಸಾರ ಮಲಗಬಹುದಾದಷ್ಟು ಅಗಲ, ಬೆನ್ನು ಗುಂಡಗೆ, ಮೂತಿಯ ತುಂಬ ಹೊಳೆಯುವ ನಿಕಲ್ ಪಟ್ಟಿಗಳು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಹಿರಿಯ ಸಾವಕಾರರು ತೀರಿಕೊಂಡಿದ್ದರು. ಪೆಟ್ರೋಲು ತುಟ್ಟಿಯಾಯಿತೆಂದು ಅವರ ಮಗ ಸಣ್ಣ ಕಾರು ಕೊಂಡು, ದೊಡ್ಡ ಗಾಡಿಯನ್ನು ಗಿರಣಿಯ ಹಿಂದಿನ ತಗಡಿನ ಷೆಡ್ಡಿನಲ್ಲಿ ನಿಲ್ಲಿಸಿದ್ದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ನಮ್ಮ ಮಾವನವರ ಎರಡೂ ಕಣ್ಣನ್ನು ತಿಂದು ಹಾಕಿತ್ತು.

ಸೊಸೆ ಮಾವನ ಮುಂದೆ ತಲೆಯ ಮೇಲೆ ಸೆರಗು ಹೊದ್ದು ಓಡಾಡಬೇಕೆಂಬುದು ಆಗಿನ ರೂಢಿ. ಕಣ್ಣು ಕಾಣದ ಮಾವನ ಮುಂದೆಯೂ ಹೊದೆಯಬೇಕೇ ಎಂದು ನಾನು ಅತ್ತೆಯವರನ್ನು ಮೆಲ್ಲಗೆ ಕೇಳಿದೆ.

"ಹೊಚ್ಗೋಬೇಕವಾ. ಕಣ್ಣು ಇರ್ಲಿ ಬಿಡ್ಲಿ, ಮಾವ ಅಂದ್ರ ಮಾವನ" ಎಂದರು ಅವರು.

ಪಡಸಾಲೆಯಿಂದ ಮಾವನವರ ದನಿ ಬಂತು. "ಆಕಿ ಸೆಕಿಯಾಗ ಬೇಯ್ಲಿ ಅಂತೀ ಏನು? ನನಗ ಹೊಚ್ಗೊಂಡ್ರೂ ಅಷ್ಟ, ಬಿಟ್ರೂ ಅಷ್ಟ. ಬಿಡು ಆಕಿನ್ನ."

ಹೊಸ ಮನೆಯಲ್ಲಿ ನನಗೆ ಮೊದಲು ಉಸಿರಾಡಲು ಸಿಕ್ಕ ಜಾಗ ಅವರ ಪಕ್ಕದ ಜಾಗವೇ.

ಕಣ್ಣು ಹೋದ ಮೇಲೆ ಅವರು ಹಿಡಿದ ಕೆಲಸ ಸಣ್ಣ ಸಣ್ಣ ಕಾರು ಮಾಡುವುದು. ಕಿನ್ನಾಳದಲ್ಲಿ ಗೊಂಬೆ ಮಾಡುವ ಹಗುರ ಕಟ್ಟಿಗೆಯನ್ನು ತರಿಸಿಕೊಂಡು ಕೆತ್ತುತ್ತಿದ್ದರು. ಬಾಗಿಲು, ಬಂಪರುಗಳಿಗೆ ಎಣ್ಣೆ ಡಬ್ಬಿಯ ತಗಡು. ಗಾಲಿಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆ. ಹಿಂದಿನ ದೀಪಕ್ಕೆ ಅತ್ತೆಯವರ ಕೆಂಪು ಬಳೆಯ ಚೂರು. ಮಕ್ಕಳ ಆಟಿಕೆಯೆಂದು ಯಾರಾದರೂ ಅಂದರೆ ಸಿಟ್ಟು ಬರುತ್ತಿತ್ತು. "ಆಟಿಗಿ ಅಲ್ಲೋ ಮಾರಾಯಾ, ಅಳತಿ ಐತಿ ಇದಕ್ಕ." ಅಳತೆ ಅವರ ಕೈಯಲ್ಲೇ ಇತ್ತು. ನಿಜವಾದ ಗಾಡಿಯ ಒಂದು ಗೇಣು ಇಲ್ಲಿ ಒಂದು ಬೆರಳಿನ ಅಗಲ. ಗೇಣಿಗೆ ಹನ್ನೆರಡು ಬೆರಳಾದ್ದರಿಂದ ಅವರ ಗಾಡಿಗಳೆಲ್ಲ ನಿಜವಾದವುಗಳ ಹನ್ನೆರಡರಲ್ಲಿ ಒಂದು ಪಾಲು. ಷೆಡ್ಡಿಗೆ ಹೋಗಿ ದೊಡ್ಡ ಗಾಡಿಯ ಮೈಮೇಲೆ ಗೇಣು ಹಾಕಿ ಬರುವುದು, ಮನೆಗೆ ಬಂದು ಕಟ್ಟಿಗೆಯ ಮೇಲೆ ಬೆರಳಿಡುವುದು.

ಹುಣ್ಣಿಮೆಗೆ ಹುಲಿಗಿಗೆ ಹೋಗೋಣವೆಂದು ಅವರು ತಾವಾಗಿಯೇ ಹೇಳತೊಡಗಿದಾಗ ಅತ್ತೆಯವರಿಗೆ ಹಿಗ್ಗೋ ಹಿಗ್ಗು. ಕಣ್ಣು ಹೋದ ಮೇಲಾದರೂ ಹುಲಿಗೆಮ್ಮನ ಮೇಲೆ ಭಕ್ತಿ ಹುಟ್ಟಿತಲ್ಲ ಎಂದು. ನಾವು ದರ್ಶನದ ಸರದಿಯಲ್ಲಿ ನಿಂತಾಗ ಮಾವನವರು ಕಾಣಿಸಲಿಲ್ಲ. ಹುಡುಕಿಕೊಂಡು ಹೋದರೆ, ಬಂಡಿ ಬಿಟ್ಟಿದ್ದ ಬಯಲಿನಲ್ಲಿ ಒಂದು ಹಳೆಯ ಟ್ಯಾಕ್ಸಿಯ ಬಾನೆಟ್ಟಿಗೆ ಗೇಣು ಹಾಕುತ್ತ ನಿಂತಿದ್ದರು! ಹೊಸಪೇಟೆಯಿಂದ ಭಕ್ತರನ್ನು ಕರೆತರುತ್ತಿದ್ದ ಕುಂಕುಮಗೆಂಪಿನ ಆ ಟ್ಯಾಕ್ಸಿಯೂ ಅಮೆರಿಕದ್ದೇ. ಮೊದಲು ಗದರಿಸಿದ ಅದರ ಡ್ರೈವರ್ ಆಮೇಲೆ ತಾನಾಗಿಯೇ ಎಂಜಿನ್ ಚಾಲೂ ಮಾಡಿ ಬಾನೆಟ್ ಎತ್ತಿ ಹಿಡಿದ. "ಎಂಟು ಸಿಲಿಂಡರ್ ನೋಡವಾ! ಹೆಂಗ ಉಸರಾಡತೈತಿ ಕೇಳು" ಎಂದು ಮಾವನವರು ನನ್ನನ್ನು ಕರೆದರು. ಅತ್ತೆಯವರು ಅಂದು ಮನೆ ಮುಟ್ಟುವವರೆಗೆ ಅವರ ಜೊತೆ ಮಾತಾಡಲಿಲ್ಲ.

ನನ್ನ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅಪ್ಪನ ಈ ಕೆಲಸ ಅವರಿಗೆ ಸೇರುತ್ತಿರಲಿಲ್ಲ. ಒಮ್ಮೆ ತಗಡು ತಗುಲಿ ಮಾವನವರ ಬೆರಳು ಸೀಳಿತು. ಸಕ್ಕರೆಯ ಮೈ; ಗಾಯ ಕೀವಾಗಿ, ಬೆರಳನ್ನೇ ತೆಗೆಯಬೇಕಾದೀತು ಎಂದು ಡಾಕ್ಟರರು ಹೆದರಿಸಿದರು. ಬೆರಳು ಉಳಿಯಿತು. ಆದರೆ ಯಜಮಾನರು ಕತ್ತರಿ, ಉಳಿ ಎಲ್ಲವನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. "ಕಣ್ಣಿಲ್ಲ, ಇನ್ನ ಕೈನೂ ಕಳಕೊಂತಿಯೇನು? ಸಾಕು ಮಾಡು ಆ ಗಾಡಿ ಹುಚ್ಚು."

ಮಾವನವರು ಪಡಸಾಲೆಯಲ್ಲಿ ಬರಿಗೈಯಲ್ಲಿ ಕೂತರು. ಊಟ ಅರ್ಧಕ್ಕೇ ಸಾಕೆನ್ನತೊಡಗಿದರು. ನನಗೆ ತಡೆಯಲಾಗಲಿಲ್ಲ. "ತಗಡು ನಾ ಕತ್ತರಿಸ್ತೀನ್ರಿ. ಅವರು ಬರೇ ಮುಟ್ಟಿ ನೋಡಿ ಹೇಳ್ಲಿ" ಎಂದು ಯಜಮಾನರಿಗೆ ಹೇಳಿದೆ. ಅವರು ಬೀಗದ ಕೈಯನ್ನು ಗೂಟಕ್ಕೆ ತೂಗುಹಾಕಿ ಕಚೇರಿಗೆ ಹೋದರು.

ಅಂದಿನಿಂದ ನಾನು ಮಾವನವರ ಕೈಯಾದೆ. ನಾನು ಕತ್ತರಿಸಿದ್ದನ್ನು ಅರದಿಂದ ಉಜ್ಜಿ, ಚುಚ್ಚುವ ಅಂಚೆಲ್ಲ ಹೋದ ಮೇಲೆ ಅವರ ಅಂಗೈಗಿಡುತ್ತಿದ್ದೆ. ಹೆಬ್ಬೆರಳಾಡಿಸಿ, "ಇಲ್ಲೆ ಉಬ್ಬು ಕಡಿಮಿ ಆತು" ಎನ್ನುತ್ತಿದ್ದರು. ಮೂರು ಸಲ ಬಿಸಾಡಿಸಿ ನಾಲ್ಕನೆಯದಕ್ಕೆ "ಹಾಂ, ಬಂತು" ಎನ್ನುತ್ತಿದ್ದರು.

ದೊಡ್ಡ ಗಾಡಿಯ ಮಾದರಿಯ ಹೊರಮೈ ಮುಗಿದು ಬಣ್ಣ ಹಚ್ಚುವ ಹೊತ್ತು ಬಂದಾಗ ಗಾಡಿಯ ಬಣ್ಣ ನೋಡಿ ಬಾ ಎಂದು ನನ್ನನ್ನು ಷೆಡ್ಡಿಗೆ ಕಳಿಸಿದರು. ಹಿಂದೆ ತಿರುಗಿದ ದಾರಿಗಳ ಬಿಸಿಲಿಗೆ ಸುಟ್ಟು ಅದು ಬೂದಿಯ ಹಾಗಾಗಿತ್ತು. ಅವರಿಗೆ ಬೇಸರವಾದೀತೆಂದು "ಹಸರು ಐತ್ರಿ, ಛಲೋ ಐತಿ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ನನ್ನ ಮನಸ್ಸಿಗೆ ಹಿತ ಆಗ್ಲಿ ಅಂತ ಹೇಳಬ್ಯಾಡವಾ. ಇದ್ದದ್ದ ಹೇಳು. ನಿನ್ನ ಮಾತಿನ ಮ್ಯಾಲ ನಾ ನಡಿಯಾಂವ."

ಮತ್ತೆ ಹೋದೆ. ಈ ಸಲ ಬಾಗಿಲು ತೆರೆದೆ. ಬಾಗಿಲಿನ ಒಳಸಂದಿಯಲ್ಲಿ, ಬಿಸಿಲು ಎಂದೂ ಮುಟ್ಟದ ಕಡೆ, ಹಳೆಯ ಬಣ್ಣ ಹಾಗೇ ಉಳಿದಿತ್ತು. ಬಂದು ಹೇಳಿದೆ: "ಹೊರಗ ಬೂದಿ ಆಗೇತ್ರಿ ಮಾವಾರ. ಒಳಗ ಮಾತ್ರ ಎಳೀ ಸವತಿಕಾಯಿ ಸಿಪ್ಪಿ ತಗದ್ರ ಕಾಣತೈತಲ್ರಿ, ಆ ಬಣ್ಣ."

ಅವರ ಮುಖ ಅರಳಿತು. "ಅದ! ಅದ ನೋಡು ನಾ ನೋಡಿದ ಬಣ್ಣ!"

ಒಳಗಿನ ಭಾಗಗಳನ್ನು ಮಾಡುವಾಗ ಯಾವುದು ಯಾಕಿದೆಯೆಂದು ನನಗೆ ತಿಳಿಯುತ್ತಿರಲಿಲ್ಲ. ತಿಳಿಸಿಕೊಡಲು ಅವರು ಮಧ್ಯಾಹ್ನದ ಹೊತ್ತು ನನ್ನನ್ನು ಮಂಚದ ಅಂಚಿಗೆ ಕೂರಿಸಿ, ಕಾಲ ಬಳಿ ಇಟ್ಟಿಗೆ ಇಡಿಸಿ, ಕೈಗೆ ಊಟದ ಗಂಗಾಳ ಕೊಡುತ್ತಿದ್ದರು. ಇದು ಕ್ಲಚ್ಚು, ಇದು ಬ್ರೇಕು, ಇದು ಸ್ಟೇರಿಂಗು. ಗೇರು ಅದರ ಪಕ್ಕದಲ್ಲೇ. ಬಾಯಿಂದ ಎಂಜಿನ್ನಿನ ಸದ್ದು ಮಾಡುತ್ತ, ಸದ್ದು ಏರಿದಾಗ ಗೇರು ಬದಲಿಸಲು ಹೇಳುತ್ತಿದ್ದರು. ಒಮ್ಮೆ ಅತ್ತೆಯವರು ಒಳಗೆ ಬಂದವರು ಬಾಗಿಲಲ್ಲೇ ನಿಂತರು. "ಯವ್ವಾ! ಮುದುಕಗ ಕಣ್ಣು ಹೋತು, ಸೊಸಿಗೆ ತಲಿ ಹೋತು!"

ದೊಡ್ಡ ಗಾಡಿಯನ್ನು ಹೈದರಾಬಾದಿನ ಒಬ್ಬರಿಗೆ ಮಾರುವುದಾಯಿತೆಂಬ ಸುದ್ದಿಯನ್ನು ಚಿಕ್ಕ ಸಾವಕಾರರೇ ಮನೆಗೆ ಬಂದು ಹೇಳಿದರು. ಮೆಕ್ಯಾನಿಕ್ ಅದನ್ನು ಚಾಲೂ ಮಾಡಿದ್ದ. "ಕಡೀ ಸಲ ಬಂದು ಕುಂದ್ರು ಬಾ, ನಾನ ಒಂದು ಸುತ್ತು ಹೊಡೀತೀನಿ" ಎಂದರು. ಅವರು ಒಳ್ಳೆಯವರು. ಮಾವನವರು "ನೀವು ಬ್ಯಾಡ್ರಿ ಧಣಿ. ನನ್ನ ಸೊಸಿ ಹೊಡೀತಾಳ" ಎಂದರು. ಚಿಕ್ಕ ಸಾವಕಾರರು ನನ್ನತ್ತ ನೋಡಿ ನಕ್ಕು ಹೂಂ ಎಂದರು.

ಬೇಸಿಗೆಯಾದ್ದರಿಂದ ಗಿರಣಿ ನಿಂತಿತ್ತು. ಹತ್ತಿ ಒಟ್ಟುವ ವಿಶಾಲ ಅಂಗಳ ಖಾಲಿ. ನನ್ನ ಕಾಲು ನಿಲುಕಲೆಂದು ಬೆನ್ನಿಗೆ ಕೌದಿ ಮಡಿಸಿ ಇಟ್ಟರು. ಎಡಗಡೆ ಮಾವನವರು ಕೂತರು. ಗಾಡಿ ಒಮ್ಮೆ ಜಿಗಿದು ಆರಿತು. ಎರಡನೆಯ ಸಲವೂ ಆರಿತು.

"ಅವಸರ ಬ್ಯಾಡ. ಕಾಲಿನ್ಯಾಗ ನಡುಕ ಬಂದಕೂಡ್ಲೆ ಕ್ಲಚ್ಚು ಸಾವಕಾಶ ಬಿಡು."

ಗಾಡಿ ಹೊರಟಿತು. ಅಷ್ಟು ದೊಡ್ಡ ಗಾಡಿ ನನ್ನ ಕೈಯಲ್ಲಿ ಎಮ್ಮೆಯ ಹಾಗೆ ನಿಧಾನವಾಗಿ ಮೈ ತಿರುಗಿಸುತ್ತಿತ್ತು.

"ಮುಂದ ಏನೈತಿ?"

"ಗ್ವಾಡಿ ಐತ್ರಿ."

"ಎಷ್ಟು ದೂರ?"

"ನಮ್ಮ ಅಂಗಳದಷ್ಟು."

"ಹಂಗಾರ ಈಗ ಹೊಳ್ಳಿಸು. ಪೂರಾ ಹೊಳ್ಳಿಸು!"

ಮೂರು ಸುತ್ತು ಹಾಕಿದೆವು. ಮಾವನವರ ಕಪ್ಪು ತುಟಿಯಲ್ಲಿ ಮಗುವಿನ ನಗೆ. ನಾನೂ ನಗುತ್ತಿದ್ದೆ. ಆಗಲೇ ಯಜಮಾನರು ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿರುವುದು ಕಂಡಿತು. "ಬರ್ರಿ, ಕುಂದರ್ರಿ" ಎಂದು ಕರೆದೆ. ಅವರು ಸೈಕಲ್ ತಿರುಗಿಸಿ ಹೋಗಿಬಿಟ್ಟರು.

ಸಂಜೆ ಹಿತ್ತಲಲ್ಲಿ, ಯಾಕೆ ಹೋದಿರೆಂದು ಯಜಮಾನರನ್ನು ಕೇಳಿದೆ. ಅವರು ಸೈಕಲ್ಲಿನ ಧೂಳು ಒರೆಸುತ್ತಲೇ ಇದ್ದರು. ಕೊನೆಗೆ, "ಸಾವಕಾರ್ರ ಮಕ್ಕಳನ್ನ ಅಪ್ಪ ಅದ ಗಾಡ್ಯಾಗ ಸಾಲಿಗೆ ಬಿಟ್ಟು ಬರ್ತಿದ್ದ. ನಾನೂ ಅದ ಸಾಲಿ. ಹಿಂದ ಧೂಳಾಗ ನಡಕೊಂತ ಹೋಗ್ತಿದ್ದೆ. ಒಂದ ಒಂದಿನ ನಿಲ್ಲಸಲಿಲ್ಲ. ಇವತ್ತ ನಾ ಯಾಕ ಹತ್ಲಿ ಅದನ್ನ?" ಎಂದರು.

ಬೆರಳಿನ ಗಾಯದ ಸಿಟ್ಟಷ್ಟೇ ಅಲ್ಲ ಅದು ಎಂದು ಅಂದು ನನಗೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ಮಾವನವರು, "ಆಂವ ಯಾಕ ಹೋದ?" ಎಂದು ಕೇಳಿದರು. ಏನೋ ಕೆಲಸವಿತ್ತೆಂದು ಹೇಳಿ ಪಾರಾಗಬಹುದಿತ್ತು. ಇದ್ದದ್ದನ್ನು ಹೇಳೆಂದು ಕಲಿಸಿದವರೇ ಅವರು. ಹೇಳಿದೆ.

ಅವರ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. "ನನಗ ಕಾಣ್ತಿದ್ನವಾ" ಎಂದರು. "ಕನ್ನಡಿಯಾಗ ಕಾಣ್ತಿದ್ದ. ಚೀಲಾ ಹೆಗಲಿಗೆ ಹಾಕ್ಕೊಂಡು ಬರ್ತಿದ್ದ. ಗಾಡಿ ನಂದಲ್ಲ, ಹೆಂಗ ನಿಲ್ಲಸಲಿ? ಕಾಲು ಬ್ರೇಕಿನ ಮ್ಯಾಲ ಇರ್ತಿತ್ತು, ಒತ್ತಾಕ ಧೈರ್ಯ ಬರ್ತಿದ್ದಿಲ್ಲ."

ಅಷ್ಟು ಹೇಳಿ ಕೋಲು ಹಿಡಿದು ಎದ್ದರು. ನಾನು ಬರುತ್ತೇನೆಂದರೆ ಬೇಡವೆಂದರು. ಒಬ್ಬರೇ ಗಿರಣಿಯವರೆಗೆ ತಡವಿಕೊಂಡು ಹೋಗಿ, ಹೈದರಾಬಾದಿನವರು ಬರುವ ಮುಂಚೆ ಗಾಡಿಯನ್ನು ಇನ್ನೊಂದು ಸಲ ಕೊಡಬೇಕೆಂದು ಚಿಕ್ಕ ಸಾವಕಾರರನ್ನು ಕೇಳಿ ಬಂದರು. ಅಷ್ಟು ವರ್ಷ ಆ ಮನೆಯಲ್ಲಿ ದುಡಿದವರು ಅಲ್ಲಿ ತಮಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲವೆಂದು ಅತ್ತೆಯವರು ಹೇಳಿದರು.

ಭಾನುವಾರ ಮುಂಜಾನೆ ಯಜಮಾನರನ್ನು "ಗಿರಣಿತನಕ ನನ್ನ ಕೈ ಹಿಡಕೊಂಡು ನಡಿ" ಎಂದು ಮಾವನವರು ಕರೆದರು. ಕುರುಡ ಅಪ್ಪನಿಗೆ ಇಲ್ಲವೆನ್ನಲಾಗದೆ ಅವರು ಬಂದರು. ನಾನು ಮೊದಲೇ ಹೋಗಿ ಗಾಡಿಯನ್ನು ಅಂಗಳಕ್ಕೆ ತಂದಿದ್ದೆ. ಮಾವನವರು ಮಗನ ಕೈ ಬಿಟ್ಟು, ಗಾಡಿಯ ಮೈಯನ್ನು ಸವರುತ್ತ ಹಿಂದಿನ ಬಾಗಿಲಿನವರೆಗೆ ನಡೆದರು. ಹಿರಿಯ ಸಾವಕಾರರಿಗೆ ದಿನಾಲೂ ತೆರೆಯುತ್ತಿದ್ದ ಆ ಬಾಗಿಲನ್ನು ತೆರೆದು ಹಿಡಿದು, ಪಕ್ಕಕ್ಕೆ ಸರಿದು ನೆಟ್ಟಗೆ ನಿಂತರು.

"ಕುಂದ್ರಪಾ" ಎಂದರು. "ಭಾಳ ತಡಾ ಆತು."

ಯಜಮಾನರು ಚಪ್ಪಲಿಯ ಧೂಳನ್ನು ನೆಲಕ್ಕೆ ಕೊಡವಿ ಒಳಗೆ ಕೂತರು. ಮಾವನವರು ಬಾಗಿಲು ಹಾಕಿ, ಸರಿಯಾಗಿ ಬಿತ್ತೇ ಎಂದು ಕೈಯಿಂದ ಒತ್ತಿ ನೋಡಿ, ಮುಂದೆ ಬಂದು ನನ್ನ ಪಕ್ಕ ಕೂತರು. ಗೇಟು ತೆರೆದಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಅವರು ಹೇಳಿದಂತೆ ಗಾಡಿಯನ್ನು ಶಾಲೆಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋದೆ, ಹಾಗೇ ತಂದೆ. ಕನ್ನಡಿಯಲ್ಲಿ ನೋಡಿದಾಗ ಯಜಮಾನರು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಗಾಡಿ ಹೈದರಾಬಾದಿಗೆ ಹೋಯಿತು. ಮಾವನವರು ನಾನು ಎಣಿಸಿದಷ್ಟು ಕೊರಗಲಿಲ್ಲ. ಆ ನಂತರ ಭಾನುವಾರಗಳಲ್ಲಿ ತಗಡು ಕತ್ತರಿಸುವ ಕೆಲಸ ನನ್ನ ಕೈಯಿಂದ ಯಜಮಾನರ ಕೈಗೆ ಹೋಯಿತು. ಅಪ್ಪ ಮಗ ಅಳತೆಯ ಬಗ್ಗೆ ಜಗಳಾಡುವುದನ್ನು ಕೇಳುತ್ತ ನಾನು ರೊಟ್ಟಿ ಬಡಿಯುತ್ತಿದ್ದೆ. ನನಗೆ ಲೈಸೆನ್ಸು ಮಾಡಿಸಿಕೊಟ್ಟವರೂ ಯಜಮಾನರೇ. ಮುಂದೆ ಇಷ್ಟು ವರ್ಷ ಈ ಸೀಮೆಯ ದಾರಿಗಳಲ್ಲಿ ಯಾರನ್ನೂ ಕಾಯದೆ ನನ್ನಷ್ಟಕ್ಕೆ ನಾನು ಓಡಾಡಿದ್ದೇನೆ. ಅದು ಕಣ್ಣಿಲ್ಲದವರೊಬ್ಬರು ನನಗೆ ಕೊಟ್ಟದ್ದು.

ಎಂಬತ್ತರ ದಶಕದ ನಡುವೆ, ಒಂದು ಚಳಿಗಾಲದಲ್ಲಿ ಅವರು ಹೋದರು. ಹುಲಿಗಿಯಲ್ಲಿ ಕಂಡ ಆ ಟ್ಯಾಕ್ಸಿಯ ಮಾದರಿಗೆ ಹಿಂದಿನ ದಿನವಷ್ಟೇ ಬಣ್ಣ ಹಚ್ಚಿ ಮುಗಿಸಿದ್ದೆವು. ಒಣಗಿತೇ ಎಂದು ಅವರು ಪದೇ ಪದೇ ಮುಟ್ಟಿ ನೋಡಿದ್ದರು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದಾಗ ಬೆರಳ ತುದಿಗಳಲ್ಲಿ ಕುಂಕುಮಗೆಂಪು ಹಾಗೇ ಇತ್ತು. ಅಳವಂಡಿಯಿಂದ ಬಂದ ಹಿರಿಯರೊಬ್ಬರು, "ಚಿಮಣಿ ಎಣ್ಣಿ ತರ್ರಿ, ಒರೆಸಿ ತಗಿಯೋಣು" ಎಂದರು.

ನಾನು ಎದ್ದೆ. ಯಜಮಾನರು ನನ್ನನ್ನು ತಡೆದರು. ಅಪ್ಪನ ಎರಡೂ ಕೈಗಳನ್ನು ತಮ್ಮ ಕೈಯೊಳಗೆ ತೆಗೆದುಕೊಂಡು, "ಇರ್ಲಿ ಬಿಡ್ರಿ ಕಾಕಾ" ಎಂದರು. "ಗಾಡಿ ಬಣ್ಣ ಇನ್ನೂ ಹಸಿ ಐತಿ."