ಕತ್ತರಿಯಕ್ಕನ ಮುಂದಿನ ಹಲ್ಲು

ಬೀದಿಯವರೆಲ್ಲ ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಪ್ಯಾಂಟು ಮೊಟಕು ಮಾಡುವುದು, ಜಿಪ್ಪು ಬದಲಿಸುವುದು, ಬಿಗಿಯಾದ ಅಂಗಿಯ ಹೊಲಿಗೆ ಬಿಚ್ಚಿ ಸಡಿಲಿಸುವುದು ಅವಳ ಕೆಲಸ. ಹೆಸರಿಗೆ ಕತ್ತರಿಯಕ್ಕ, ದಾರ ಕಡಿಯುತ್ತಿದ್ದುದು ಮಾತ್ರ ಹಲ್ಲಿನಿಂದ. ಕತ್ತರಿಗೆ ಪಿಂಚಣಿ ಕೊಟ್ಟು ಕೂರಿಸಿದ್ದೀಯ ಎಂದು ಗಂಡ ರೇಗಿಸುತ್ತಿದ್ದ. ಬಸ್ ಓಡಿಸುತ್ತಿದ್ದವನು. ಅವಳ ಮೇಲೆ ಕೈ ಎತ್ತುವುದಿರಲಿ, ಗಟ್ಟಿಯಾಗಿ ಗದರಿದವನೂ ಅಲ್ಲ.

ಕೆಲಸದಿಂದ ನಿವೃತ್ತನಾದ ಮೇಲೆ ಅವನ ನೆನಪು ಉದುರತೊಡಗಿತು. ಮೊದಲು ಬೀದಿಗಳು ಮರೆತುಹೋದವು, ಆಮೇಲೆ ಮಗಳ ಹೆಸರು. ಕೊನೆಗೆ ಸ್ನಾನವೆಂದರೇನೆಂಬುದೂ ಮರೆತು, ತಲೆಯ ಮೇಲೆ ನೀರು ಬಿದ್ದರೆ ಯಾರೋ ಮುಳುಗಿಸುತ್ತಿದ್ದಾರೆಂದು ಬೆದರುತ್ತಿದ್ದ. ಒಂದು ಬೆಳಿಗ್ಗೆ ಹಾಗೆ ಬೆದರಿ ಬೀಸಿದ ಮೊಣಕೈ ಅವಳ ಬಾಯಿಗೆ ಬಡಿಯಿತು. ಹಿಂದೆಂದೋ ರೂಟ್ ಕೆನಾಲ್ ಮಾಡಿಸಿದ್ದ ಮುಂದಿನ ಹಲ್ಲು ಮುರಿದು ಬಚ್ಚಲಿಗೆ ಬಿತ್ತು. ಅವಳಿಗೂ ತಡೆಯಲಾಗಲಿಲ್ಲ, ಅವನ ಕೈಗೆ ಒಂದು ಬಿಟ್ಟಳು. ಅವನು ಮಗುವಿನ ಹಾಗೆ ಮುಖ ಮುಚ್ಚಿಕೊಂಡ. ಹಲ್ಲಿನ ನೋವಿಗಿಂತ ಅದೇ ಅವಳನ್ನು ದಿನವಿಡೀ ತಿಂದಿತು.

ಮದುವೆಯಾಗಿ ಹತ್ತಿರದಲ್ಲೇ ಇದ್ದ ಮಗಳಿಗೆ, ಜಾರಿ ಬಿದ್ದೆ ಎಂದಳು. ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸೋಣವೆಂದು ಮಗಳು ಆಗಲೇ ಪಟ್ಟು ಹಿಡಿದಿದ್ದಳು. ನಿಜ ಹೇಳಿದರೆ ಆ ಸಂಜೆಯೇ ಗಾಡಿ ತಂದು ನಿಲ್ಲಿಸಿಬಿಡುತ್ತಾಳೆಂಬ ಭಯ. ಅವಳನ್ನೇ ಅಪ್ಪನ ಬಳಿ ಕೂರಿಸಿ ಕತ್ತರಿಯಕ್ಕ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದಳು.

ಬೇರು ಚೆನ್ನಾಗಿದೆ, ವಸಡಿನ ಮೇಲೆ ಸುತ್ತಲೂ ಸ್ವಲ್ಪ ಹಲ್ಲೂ ಉಳಿದಿದೆ, ಕೀಳುವುದು ಬೇಡ ಎಂದರು ಡಾಕ್ಟರಮ್ಮ. ಬೇರಿನೊಳಗೊಂದು ಕಡ್ಡಿ ಕೂರಿಸಿ, ಅದರ ಸುತ್ತ ಹಲ್ಲಿನ ಮೋಟು ಕಟ್ಟಿ, ಮೇಲೆ ಕ್ಯಾಪ್ ಹಾಕಬಹುದು. ಕಡ್ಡಿಯಲ್ಲಿ ಎರಡು ಬಗೆ, ಲೋಹದ್ದು ಮತ್ತು ಗಾಜಿನ ನಾರಿನದು. ಗಟ್ಟಿಯಾದದ್ದನ್ನೇ ಹಾಕಿ ಎಂದಳು ಕತ್ತರಿಯಕ್ಕ. ಗಟ್ಟಿಯೇ ತೊಂದರೆ ಎಂದರು ಅವರು. ಲೋಹ ಬಾಗುವುದಿಲ್ಲ, ಜೋರಾಗಿ ಪೆಟ್ಟು ಬಿದ್ದರೆ ಹಲ್ಲಿನ ಬೇರೇ ಸೀಳಬಹುದು, ಸೀಳಿದ ಮೇಲೆ ಕೀಳದೆ ಗತಿಯಿಲ್ಲ. ನಾರಿನದು ಕೊಂಚ ಬಾಗುತ್ತದೆ. ಕೆಟ್ಟರೂ ಹೆಚ್ಚಾಗಿ ತಾನೇ ಬಿಟ್ಟುಕೊಂಡು ಬರುತ್ತದೆ, ಬೇರು ಉಳಿದರೆ ಮತ್ತೆ ಕೂರಿಸಬಹುದು.

ಕತ್ತರಿಯಕ್ಕ ಮುರಿದ ಹಲ್ಲನ್ನು ನಾಲಿಗೆಯಿಂದ ಸವರಿ ನೋಡಿಕೊಂಡಳು.

"ಮತ್ತೆ ಮತ್ತೆ ಏಟು ಬೀಳೋ ಬಾಯಿಗೆ ಯಾವ್ದು ಒಳ್ಳೇದು ಡಾಕ್ಟ್ರೇ?" ಎಂದಳು ಆಮೇಲೆ.

ಡಾಕ್ಟರಮ್ಮ ಕೈಗವಸು ಬಿಚ್ಚಿ ಸ್ಟೂಲು ಹತ್ತಿರಕ್ಕೆಳೆದುಕೊಂಡರು. "ಮನೇಲಿ ಯಾರಾದ್ರೂ ಹೊಡೀತಾರಾ ಅಮ್ಮಾ?"

"ಹೊಡೆಯಲ್ಲ. ಹೆದರ್ತಾರೆ."

ಅಷ್ಟಂದದ್ದೇ ತಡ, ಯಾರಿಗೂ ಹೇಳದ್ದೆಲ್ಲ ಬಾಯಿಂದ ಬಂತು. ತಾನು ತಿರುಗಿ ಹೊಡೆದದ್ದನ್ನೂ ಬಿಡಲಿಲ್ಲ. ಡಾಕ್ಟರಮ್ಮ ನಾರಿನ ಕಡ್ಡಿಯನ್ನೇ ಕೂರಿಸಿದರು. ನೀರು ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಎಂದರು, ಮಗಳಿಗೆ ಹೇಳಿಬಿಡಿ ಎಂದೂ ಅಂದರು. ಮೊದಲನೆಯ ಮಾತನ್ನು ಪಾಲಿಸಿದಳು, ಎರಡನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಳಿಗಾಲದಲ್ಲಿ ಸ್ವೆಟರ್ ತೊಡಿಸುವಾಗ ಇನ್ನೊಂದು ಏಟು ಬಿತ್ತು, ಮಗಳ ಕಣ್ಣೆದುರೇ. ಕ್ಯಾಪು ಕಡ್ಡಿ ಸಮೇತ ಕಳಚಿಬಂತು. ಬೇರಿಗೇನೂ ಆಗಿರಲಿಲ್ಲ, ಡಾಕ್ಟರಮ್ಮ ಹೊಸದು ಕೂರಿಸಿದರು. ಅಲ್ಲಿಯವರೆಗೆ ಅಪ್ಪನ ಬಳಿ ಕೂತಿದ್ದ ಮಗಳು, ಅಮ್ಮ ವಾಪಸು ಬಂದಾಗ ಮನೆ ಬಾಗಿಲಲ್ಲಿ ನಿಂತು, "ನನ್ನ ಹತ್ರಾನೂ ಮುಚ್ಚಿಟ್ಯಲ್ಲಮ್ಮಾ" ಎಂದು ಅತ್ತಳು. ಆರೈಕೆ ಕೇಂದ್ರದ ಮಾತನ್ನು ಮತ್ತೆ ಎತ್ತಲಿಲ್ಲ. ದಿನಾ ಕೆಲಸಕ್ಕೆ ಹೋಗುವ ಮುಂಚೆ ಬಂದು, ಅಮ್ಮ ಮೈ ಒರೆಸುವಾಗ ಅಪ್ಪನ ಎರಡೂ ಕೈ ಹಿಡಿದು ಕೂರುತ್ತಿದ್ದಳು.

ಬರಬರುತ್ತ ಕೈ ಹಿಡಿಯುವ ಅಗತ್ಯವೇ ಬೀಳಲಿಲ್ಲ. ಅವನು ಹಾಸಿಗೆ ಹಿಡಿದ. ಮುಖ ಒರೆಸಿದರೂ ಸುಮ್ಮನೆ ಸೂರು ನೋಡುತ್ತಿದ್ದ. ಒಮ್ಮೆಯಾದರೂ ಆ ಕೈ ಮೇಲೇಳಬಾರದೇ, ಬೇಕಾದರೆ ಹಲ್ಲು ಹೋಗಲಿ ಎಂದು ಅವಳು ಕಾದಳು. ಬೇಸಿಗೆ ಮುಗಿಯುವ ಮೊದಲೇ ತೀರಿಕೊಂಡ.

ತಪಾಸಣೆಗೆ ಹೋದಾಗ ಡಾಕ್ಟರಮ್ಮನಿಗೆ ವಿಷಯ ಗೊತ್ತಿರಲಿಲ್ಲ. ಹಲ್ಲನ್ನು ತಟ್ಟಿ, ಅಲುಗಿಸಿ ನೋಡಿದರು.

"ಚೆನ್ನಾಗಿ ಕೂತಿದೆ ಅಮ್ಮಾ. ಪೆಟ್ಟು ಬೀಳದಿದ್ರೆ ತುಂಬ ವರ್ಷ ಬರುತ್ತೆ."

"ಇನ್ನು ಬೀಳಲ್ಲ ಬಿಡಿ" ಎಂದಳು ಕತ್ತರಿಯಕ್ಕ.

ಅವರಿಗೆ ಅರ್ಥವಾಗಲು ಕ್ಷಣ ಹಿಡಿಯಿತು. ಕುರ್ಚಿಯ ಮೇಲಿನ ದೀಪ ಆರಿಸಿ, ಅವಳ ಅಳು ನಿಲ್ಲುವವರೆಗೂ ಪಕ್ಕದಲ್ಲೇ ಕೂತಿದ್ದರು.

ಮನೆಗೆ ಬಂದವಳು, ಹಲ್ಲು ಗಟ್ಟಿಯಿದೆಯಂತೆ ಎಂದಷ್ಟೇ ಮಗಳಿಗೆ ಹೇಳಿದಳು. ಯಾರದೋ ಶಾಲೆಯ ಅಂಗಿಗೆ ಗುಂಡಿ ಹಾಕುವುದಿತ್ತು. ಗುಂಡಿ ಹುಡುಕುತ್ತ ಕೂತಳು.