ಟ್ರ್ಯಾಕ್ಟರಿಗೆ ಕಟ್ಟಿದ ಕನ್ನಡಿ

ಕುಲಗೋಡದಲ್ಲಿ ನಮ್ಮ ಹೊಲದ ಪಕ್ಕ ಹದಿನೈದು ವರ್ಷ ಬೀಳು ಬಿದ್ದಿದ್ದ ನೆಲವನ್ನು ಕೊಂಡವರು ಒಬ್ಬ ನಿವೃತ್ತ ಬಸ್ ಡ್ರೈವರ್. ಮಾತಾಡುವಾಗಲೂ ಎರಡೂ ಕೈ ಸ್ಟೇರಿಂಗ್ ಹಿಡಿದಂತೆ ಮುಂದೆ ಇರುತ್ತಿದ್ದವು. "ಹೊಳ್ಳಿ ನೋಡಬಾರ್ದ್ರಿ, ಗಾಡಿ ಸೊಟ್ಟ ಹೋಕ್ಕೈತಿ" — ಹಿಂದೆ ತಿರುಗಿ ನೋಡಬಾರದು ಎನ್ನುವುದೇ ಎಲ್ಲದಕ್ಕೂ ಅವರ ಉತ್ತರ.

ಮೊದಲ ಉಳುಮೆಯ ದಿನ ಅವರು ಹಳೇ ಟ್ರ್ಯಾಕ್ಟರಿಗೆ ಬಸ್ಸಿನ ದೊಡ್ಡ ಕನ್ನಡಿ ಕಟ್ಟಿಕೊಂಡು ಬಂದರು. ನಾನು ಬಿದ್ದು ಬಿದ್ದು ನಕ್ಕೆ.

"ಕಾಕಾ, ಇದು ಬಸ್ ಅಲ್ರಿ. ನೇಗಿಲಾನ ಹೊಳ್ಳಿ ಹೊಳ್ಳಿ ನೋಡ್ಬೇಕ್ರಿ!"

"ಹೊಳ್ಳಿ ನೋಡಬಾರ್ದ್ರಿ" ಎಂದು ಅವರು ಹೊರಟೇಬಿಟ್ಟರು.

ನೇಗಿಲಿಗೆ ಕರಿಕೆ ಹುಲ್ಲಿನ ಬೇರು ಸುತ್ತಿಕೊಂಡರೆ ಕನ್ನಡಿಯಲ್ಲೇ ಕಂಡು ನಿಲ್ಲಿಸುತ್ತಿದ್ದರು. ಇಳಿದು, ಕಿತ್ತು, ಮತ್ತೆ ಹತ್ತುತ್ತಿದ್ದರು. ಸಂಜೆಗೆ ಇಡೀ ಹೊಲದ ಸಾಲುಗಳು ದಾರ ಹಿಡಿದು ಎಳೆದಂತಿದ್ದವು.

ಇಪ್ಪತ್ತು ವರ್ಷ ನನ್ನ ಸಾಲು ನೋಡಿ "ಹೂಂ" ಎಂದಷ್ಟೇ ಅಂದಿದ್ದ ನಮ್ಮಪ್ಪ, ಬದುವಿನ ಮೇಲೆ ನಿಂತು, "ಸಾಲ ಹೊಡದ್ರ ಹಿಂಗ ಹೊಡೀಬೇಕ ನೋಡೋ ತಮ್ಮಾ" ಎಂದ.

"ಮೊದಲ ಬೆಳಿ ಬರಲಿ ತಗೋ" ಎಂದೆ. ಅಪ್ಪ ಆ ಸಾಲುಗಳನ್ನೇ ನೋಡುತ್ತ ಬದುವಿನ ಮೇಲೆ ನಡೆದ.

ಮರುವಾರ ಗೋಕಾಕಿನಿಂದ ನಾನೂ ಅಂಥದೇ ಕನ್ನಡಿ ತಂದು ನಮ್ಮ ಟ್ರ್ಯಾಕ್ಟರಿಗೆ ಕಟ್ಟಿದೆ. ಸಾಲು ನೆಟ್ಟಗೇ ಬಂತು. ಕನ್ನಡಿಯಲ್ಲಿ, ನೇಗಿಲಿನ ಹಿಂದೆ, ಬದುವಿನ ಮೇಲೆ ಅಪ್ಪ ಕಂಡ. ಬೆನ್ನು ನನ್ನ ಕಡೆಗಿತ್ತು, ಮುಖ ಕಾಕಾರ ಹೊಲದ ಕಡೆಗೆ.