ಹತ್ತೂವರೆಗೆ ಮಾಯವಾಗುವ ಅಂಕಿಗಳು

ಡ್ರಿಪ್ ಪಂಪುಗಳನ್ನು ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮುದ್ರೆಯಕ್ಕ ಎಂದೇ ಕರೆಯುತ್ತಿದ್ದರು. ಪಂಪಿನ ಮುಂಭಾಗದಲ್ಲಿ ಎರಡು ಬೆರಳಗಲದ ಡಿಸ್‌ಪ್ಲೇ ಇರುತ್ತದೆ. ಔಷಧಿ ಎಷ್ಟು ಹರಿಯಿತೆಂದು ಅದು ತೋರಿಸಬೇಕು. ಹತ್ತೊಂಬತ್ತು ವರ್ಷಗಳಿಂದ ಒಂದೊಂದು ಡಿಸ್‌ಪ್ಲೇಯನ್ನೂ ಪರೀಕ್ಷಿಸಿ ‘ಸರಿ ಇದೆ’ ಎಂದು ಮುದ್ರೆ ಒತ್ತುತ್ತಿದ್ದವಳು ಅವಳು.

ಮಕ್ಕಳ ವಾರ್ಡಿನಿಂದ ಒಂದು ಪಂಪು ಮೂರನೆಯ ಸಲ ವಾಪಸು ಬಂತು. ಬೆಳಗ್ಗೆ ಹತ್ತೂವರೆ ಹೊತ್ತಿಗೆ ಅಂಕಿಗಳು ಮಾಯವಾಗುತ್ತವೆ, ಆಮೇಲೆ ತಾವಾಗಿಯೇ ಬರುತ್ತವೆ ಎಂದು ಅಲ್ಲಿನ ನರ್ಸ್ ಚೀಟಿ ಬರೆದಿದ್ದಳು. ಮುದ್ರೆಯಕ್ಕ ಡಿಸ್‌ಪ್ಲೇಯನ್ನು ಬಿಚ್ಚಿ, ಗೀರು ಬೀಳದಂತೆ ಎಂದಿನ ಕಪ್ಪು ರಬ್ಬರ್ ಹಾಸಿನ ಮೇಲಿಟ್ಟು ಮೂರು ದಿನ ಓಡಿಸಿದಳು. ವೋಲ್ಟೇಜ್ ಏರಿಸಿದಳು, ಇಳಿಸಿದಳು. ಬಿಸಿಗಾಳಿ ಹಿಡಿದಳು, ಫ್ರಿಜ್ಜಿನಲ್ಲಿಟ್ಟಳು. ಅಂಕಿಗಳು ಜಪ್ಪಯ್ಯ ಅನ್ನಲಿಲ್ಲ.

ಯಜಮಾನರಿಗೆ ಶನಿವಾರದೊಳಗೆ ವರದಿ ಬೇಕಿತ್ತು. “ನರ್ಸಮ್ಮ ಒದ್ದೆ ಕೈಲಿ ಮುಟ್ಟಿರ್ತಾರೆ. ಬಳಸಿದವರ ತಪ್ಪು ಅಂತ ಬರೆದುಬಿಡಮ್ಮ.”

ಆಸ್ಪತ್ರೆಯವರು ಆ ನರ್ಸಿಗೆ ಆಗಲೇ ನೋಟೀಸು ಕೊಟ್ಟಿದ್ದರು. ವರದಿ ಹಾಗೆ ಹೋದರೆ ಅವಳ ಕೆಲಸಕ್ಕೇ ಕುತ್ತು. ಮುದ್ರೆಯಕ್ಕ ಕುಳಿತಲ್ಲಿ ಕೂರಲಾರದಾದಳು. ಮನೆಯಲ್ಲಿ ಅಡುಗೆಗೆ ಎರಡು ಸಲ ಉಪ್ಪು ಬಿತ್ತು. “ಇದಕ್ಕೂ ಮುದ್ರೆ ಒತ್ತಿಯೇ ಬಡಿಸಿದ್ಯಾ?” ಎಂದ ಗಂಡ, ಅವಳು ನಗದಿದ್ದುದನ್ನು ಕಂಡು ನೀರು ಕುಡಿದ.

ಶುಕ್ರವಾರ ಡಿಸ್‌ಪ್ಲೇಯನ್ನು ಮತ್ತೆ ಜೋಡಿಸಿ, ಪಂಪನ್ನು ಚೀಲದಲ್ಲಿಟ್ಟುಕೊಂಡು ವಾರ್ಡಿಗೇ ಹೋದಳು. ಏಳು ಮಂಚ, ಪೂರ್ವಕ್ಕೆ ಉದ್ದನೆಯ ಕಿಟಕಿ. ಪಂಪನ್ನು ಎಂದಿನ ಜಾಗದಲ್ಲೇ, ಕಿಟಕಿಗೆ ಬೆನ್ನು ಮಾಡಿ ಕಂಬಕ್ಕೆ ಸಿಕ್ಕಿಸಿದರು. ಒಳಗಿನ ಚಕ್ರ ತಿರುಗುವುದು ಕಾಣಲೆಂದು ಈ ಹೊಸ ಪಂಪುಗಳ ಹಿಂಬದಿಗೆ ಪಾರದರ್ಶಕ ಕವಚ ಹಾಕಿದ್ದರು. ಹತ್ತು ಇಪ್ಪತ್ತೆಂಟಕ್ಕೆ ಎದುರು ಕಟ್ಟಡದ ನೆರಳು ಸರಿದು ಬಿಸಿಲು ಕವಚದ ಮೇಲೆ ಬಿತ್ತು. ಅಂಕಿಗಳು ಮಸುಕಾಗಿ, ನಡುಗಿ, ಇಲ್ಲವಾದವು. ಮುದ್ರೆಯಕ್ಕ ಹಿಂದೆ ಅಂಗೈ ಅಡ್ಡ ಹಿಡಿದಳು, ಬಂದವು. ತೆಗೆದಳು, ಹೋದವು.

“ಅಷ್ಟೇನಾ ಅಕ್ಕ?” ಎಂದಳು ನರ್ಸ್. “ಒಂದು ತಿಂಗಳಿಂದ ಗಡಿಯಾರ ಹಿಡ್ಕೊಂಡು ಹನಿ ಎಣಿಸ್ತಿದೀನಿ. ನನ್ನ ಕಣ್ಣೇ ಸರಿಯಿಲ್ಲ ಅಂದ್ರು.”

ಮುದ್ರೆಯಕ್ಕ ಪಂಪಿನ ಹಿಂಬದಿಗೆ ಬಗ್ಗಿ ನೋಡಿದಳು. ಡಿಸ್‌ಪ್ಲೇ ಗಾಜಿನ ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ಚಿಪ್ ಇರುತ್ತದೆ. ಜೋರು ಬೆಳಕು ತಾಗಿದರೆ ಅದರೊಳಗೆ ಬೇಡದ ವಿದ್ಯುತ್ ಹರಿದು ಲೆಕ್ಕ ತಪ್ಪುತ್ತದೆ. ಅದಕ್ಕೇ ತಯಾರಕರು ಮೇಲೊಂದು ಕಪ್ಪು ಸ್ಟಿಕ್ಕರ್ ಅಂಟಿಸಿರುತ್ತಾರೆ. ಪರೀಕ್ಷಾ ಮೀಟರಿನ ಸೂಜಿಮೊನೆ ಮುಟ್ಟಿಸಲು ಅಡ್ಡಬರುತ್ತದೆಂದು ಅದನ್ನು ಕೀಳುತ್ತಿದ್ದವಳು ಅವಳೇ. ಹನ್ನೊಂದು ವರ್ಷದ ಹಿಂದೆ ಆ ಕ್ರಮ ಬರೆದಿಟ್ಟವಳೂ ಅವಳೇ. ಧೂಳು ಹಿಡಿದ ಸ್ಟಿಕ್ಕರನ್ನು ಯಾರೂ ಮತ್ತೆ ಅಂಟಿಸುತ್ತಿರಲಿಲ್ಲ. ಹಳೆಯ ಪಂಪಿಗೆ ಕಪ್ಪು ಕವಚವಿತ್ತು, ಮೇಜಿನ ಮೇಲೆ ಕಪ್ಪು ಹಾಸಿತ್ತು. ಚಿಪ್ ಬೆಳಕನ್ನು ಕಂಡೇ ಇರಲಿಲ್ಲ.

“ತಪ್ಪು ನಿಮ್ದಲ್ಲ ಸಿಸ್ಟರ್, ನಂದು,” ಎಂದಳು. ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕಾಗದವಿಟ್ಟು ಹಾಗೆಯೇ ಬರೆದು, ಒಂದು ಪ್ರತಿಯನ್ನು ನರ್ಸಿನ ಕೈಗೆ ಕೊಟ್ಟಳು.

ಯಜಮಾನರು ವರದಿಯನ್ನು ಎರಡು ಸಲ ಓದಿದರು. ತಪ್ಪನ್ನು ಕವಚದ ಮೇಲೆ ಹಾಕಬಹುದಿತ್ತಲ್ಲ, ನಿನ್ನ ಹೆಸರು ಯಾಕೆ ಬೇಕಿತ್ತು ಎಂದು ಗೊಣಗಿದರು.

“ಕವಚ ಬೆಳಕು ಬಿಡ್ತು ಸರ್. ಸ್ಟಿಕ್ಕರ್ ಕಿತ್ತಿದ್ದು ನಾನು.”

ಅಂಥ ಕವಚದ ಇನ್ನೂ ನಲವತ್ತೊಂದು ಪಂಪುಗಳು ನಲವತ್ತೊಂದು ಕಡೆ ಹೋಗಿದ್ದವು. ಸಂಜೆಯೊಳಗೆ ಮೂವತ್ತೈದು ಕಡೆ ಫೋನು ಸಿಕ್ಕಿತು. ಹಿಂಬದಿ ಮುಚ್ಚಿಡಿ, ಬರುತ್ತೇವೆ ಎಂದು ಹೇಳಿದಳು. ಉಳಿದ ಆರು ಕಡೆ ಯಾರೂ ಎತ್ತಲಿಲ್ಲ. ಶನಿವಾರ ಬೆಳಗ್ಗೆ ಆ ಆರು ವಿಳಾಸಗಳನ್ನೂ ಒಂದು ಸುರುಳಿ ಕಪ್ಪು ಟೇಪನ್ನೂ ಹಿಡಿದು ಅವಳು ಮೊದಲ ಬಸ್ಸಿಗೆ ನಿಂತಿದ್ದಳು. ಬಿಸಿಲೇರಿ ಹತ್ತೂವರೆಯಾಗುವುದರೊಳಗೆ ಎಷ್ಟು ಕಡೆ ತಲುಪಬಹುದು ಎಂದು ಮತ್ತೆ ಮತ್ತೆ ಲೆಕ್ಕ ಹಾಕುತ್ತಿದ್ದಳು.